ಅರವತ್ತಮೂರು ದನಗಳ ಯಜಮಾನ

ಕಾಟಮ್ಮ ಅಪ್ಪನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲಿನಿಂದ ನಾಲ್ಕನೆಯ ಮುಳ್ಳು ಕೀಳುತ್ತಿದ್ದಳು. ಸೆರಗಿಗೆ ಸಿಕ್ಕಿಸಿದ್ದ ಪಿನ್ನಿನಿಂದ ಒಡೆದ ಚರ್ಮ ಬಿಡಿಸಿದರೆ ಒಳಗೆ ಕಪ್ಪು ಚುಕ್ಕಿ ಕಾಣುತ್ತಿತ್ತು. ಎರಡು ಉಗುರಿನ ನಡುವೆ ಹಿಡಿದು ಎಳೆದರೆ ಬರುತ್ತಿತ್ತು. ಎಲ್ಲ ಹಳೆಯ ಮುಳ್ಳುಗಳು, ಒಳಗೇ ಮುರಿದು, ಅಲ್ಲೇ ಉಳಿದು, ಮೈಗೆ ಒಗ್ಗಿಹೋದಂಥವು. ಒಂದು ಹನಿ ರಕ್ತವೂ ಬರಲಿಲ್ಲ.

"ಬಿಡೇ, ಸಾಕು," ಅಂದಳು ಸೋದರತ್ತೆ ಲಕ್ಷ್ಮಕ್ಕ. ಹೆಣದ ಸ್ನಾನಕ್ಕೆ ಕಾಯಿಸಿದ್ದ ನೀರಿನ ಚೊಂಬು ಅವಳ ಕೈಯಲ್ಲಿತ್ತು. "ನೀರು ಆರೋಗ್ತೈತೆ. ಮಣ್ಣಿಗೋಗೋ ಕಾಲಿಗೆ ಮುಳ್ಳಿದ್ರೇನು, ಇಲ್ದಿದ್ರೇನು?"

"ಮುಳ್ಳು ಇಟ್ಕಂಡೇ ಹೋಗ್ಲಾ? ಇಷ್ಟು ವರ್ಷ ಇಟ್ಕಂಡು ನಡೆದಿದ್ದು ಸಾಲ್ದಾ?"

"ಕಿಲಾರಿ ಕಾಲು ಕಣೇ ಅದು. ಮೆಟ್ಟು ಹಾಕಂಗಿಲ್ಲ ಅಂದ್ಮೇಲೆ ಮುಳ್ಳು ತುಳಿಯೋದೇಯ."

ಕೊಂಡ್ಲಹಳ್ಳಿಯಿಂದ ಆಚೆ, ಬಂಡೆಗುಡ್ಡದ ಬುಡದ ಆ ಹಟ್ಟಿಯಲ್ಲಿ ಒಂದೇ ಗುಡಿಗೆ ನಡೆದುಕೊಳ್ಳುವ ನಲವತ್ತು ಮನೆಗಳಿದ್ದವು. ಆ ಮನೆಗಳ ಕೂಟವನ್ನು ಗುಡಿಕಟ್ಟು ಅನ್ನುತ್ತಿದ್ದರು. ಆ ಗುಡಿಯ ದೇವರಿಗೆ ಮನೆಮನೆಯವರು ಹರಕೆ ಹೊತ್ತು ಬಿಟ್ಟ ದನಗಳು, ಅವುಗಳ ಕರುಗಳು, ಎಲ್ಲ ಸೇರಿ ಅರವತ್ತಮೂರು. ಅವನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಹಾಲು ಕರುವಿಗೇ ಹೋಗಬೇಕು. ಸತ್ತರೆ ಮನುಷ್ಯರ ಹಾಗೆ ಹೂಳಬೇಕು. ಅವನ್ನು ಮೇಯಿಸಿ, ನೀರು ಕುಡಿಸಿ, ಮುಳ್ಳುಬೇಲಿಯ ರೊಪ್ಪದಲ್ಲಿ ಅವುಗಳ ನಡುವೆಯೇ ಮಲಗುವವನು ಕಿಲಾರಿ. ಸುಗ್ಗಿಯಲ್ಲಿ ನಲವತ್ತು ಮನೆಯವರು ಮೊರದಲ್ಲಿ ತಂದು ಸುರಿದ ಸಜ್ಜೆ ನವಣೆಯಲ್ಲೇ ಅವನ ಮನೆಯ ಒಲೆ ಉರಿಯಬೇಕು. ಚಿನ್ನೋಬಯ್ಯ ಹತ್ತೊಂಬತ್ತನೇ ವಯಸ್ಸಿಗೆ ಕಿಲಾರಿ ಕೋಲು ಹಿಡಿದವನು. ಅರವತ್ತೆರಡಕ್ಕೆ, ನಿನ್ನೆ ಸಂಜೆ ಬಿಟ್ಟ.

ಎಡಗಾಲಿಗೆ ಬಟ್ಟೆ ಸುತ್ತಿತ್ತು. ಅದನ್ನು ಮಾತ್ರ ಬಿಚ್ಚಬೇಡ ಅಂತ ಅವ್ವ ಸೂರಮ್ಮ ಮೊದಲೇ ಹೇಳಿದ್ದಳು. ಅಲ್ಲಿಗೂ ಹೊಕ್ಕಿದ್ದು ಒಂದು ಮುಳ್ಳೇ. ಆದರೆ ಅದು ಉಳಿದವುಗಳ ಹಾಗೆ ಸುಮ್ಮನೆ ಇರಲಿಲ್ಲ. ಕೀವಾಯಿತು, ಕಪ್ಪಾಯಿತು, ಮೊಣಕಾಲಿಗೆ ಏರಿತು. ದೊಡ್ಡಾಸ್ಪತ್ರೆಯ ಕಿಟಕಿಯ ಹಿಂದೆ ಕೂತಿದ್ದವನು ಮೊದಲು ಕೇಳಿದ್ದು, "ಹಸಿರು ಕಾರ್ಡು ಐತಾ?" ಬಡವರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಸರ್ಕಾರ ಕೊಡುವ ಕಾರ್ಡು. ಇದ್ದಿದ್ದರೆ ಕಾಲು ತೆಗೆದು ಜೀವ ಉಳಿಸುವುದು ಬಿಟ್ಟಿಯಾಗುತ್ತಿತ್ತು. ಇಲ್ಲ ಅಂದಾಗ ಅವನೊಂದು ಮೊತ್ತ ಹೇಳಿದ. ಅದು ಕಿವಿಗೆ ಬಿದ್ದದ್ದೇ ಅಪ್ಪ ಗೋಡೆ ಹಿಡಿದು ಎದ್ದು, "ದನಕ್ಕೆ ನೀರು ಕುಡ್ಸೋ ಹೊತ್ತಾತು, ನಡಿ," ಅಂತ ಬಸ್‌ಸ್ಟ್ಯಾಂಡಿನ ಕಡೆ ಕುಂಟಿದ್ದ.

ಆ ದಿನದಿಂದ ಕಾಟಮ್ಮನ ಎದೆಯಲ್ಲಿ ಒಂದು ಕೆಂಡ ಕೂತಿತ್ತು. ಅದು ಯಾರ ಮೇಲಿನದು ಅಂತ ಅವಳಿಗೇ ಖಚಿತವಿರಲಿಲ್ಲ. ಕಿಟಕಿಯವನ ಮೇಲೆ, ಪಟ್ಟಿ ಬರೆದವರ ಮೇಲೆ, ಈ ನಲವತ್ತು ಮನೆಗಳ ಮೇಲೆ. ಒಮ್ಮೊಮ್ಮೆ ಅಪ್ಪನ ಮೇಲೆಯೂ. ಸತ್ತವನ ಕಾಲು ತೊಡೆಯ ಮೇಲಿರುವಾಗ ಅವನ ಮೇಲೆ ಸಿಟ್ಟು ಬರುವುದು ತಪ್ಪೇನೋ ಅನ್ನಿಸಿತು. ಆದರೂ ಬಂತು.

ಐದನೆಯ ಮುಳ್ಳು ಕಿತ್ತು ನೆಲಕ್ಕೆ ಒಗೆದಳು.

* * *

ಎರಡು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಕಾಟಮ್ಮ ಬಿ.ಜಿ. ಕೆರೆಯ ಗಂಡನ ಮನೆಯಿಂದ ನಾಲ್ಕು ದಿನಕ್ಕೆಂದು ಬಂದಿದ್ದಾಗಲೇ ಮನೆಮನೆ ಸಮೀಕ್ಷೆ ಹಟ್ಟಿಗೆ ಬಂದಿತ್ತು. ಯಾರ ಮನೆಗೆ ಎಷ್ಟು ಆದಾಯ, ಸರ್ಕಾರದ ಯಾವ ಸವಲತ್ತು ಸಿಗುತ್ತಿದೆ, ಯಾವುದು ಸಿಗುತ್ತಿಲ್ಲ, ಎಲ್ಲ ಬರೆದುಕೊಳ್ಳುವುದು. ಬರೆಯಲು ಬಂದವರು ಇಸ್ಕೂಲಿನ ಮಹಾಂತೇಶ ಮೇಷ್ಟ್ರು. ಸಣ್ಣ ಧ್ವನಿಯ ಮನುಷ್ಯ, ಯಾರ ಮನೆಯ ಹೊಸ್ತಿಲಲ್ಲೂ ಚಪ್ಪಲಿ ಬಿಟ್ಟೇ ಕೂರುವವರು.

ಅವರು ಅಪ್ಪನನ್ನು ಹುಡುಕಿಕೊಂಡು ರೊಪ್ಪದ ಬಾಯಿಗೇ ಹೋದರು. ಅಪ್ಪ ಒಂದು ಎಳೆಗರುವಿನ ಕಿವಿಯಿಂದ ಉಣ್ಣೆಹುಳ ಆರಿಸುತ್ತಾ ಕೂತಿದ್ದ.

"ಹೊಲ?"

"ಇಲ್ಲ ಸಾ."

"ಮನೆ?"

"ನೀವೇ ನೋಡಿದ್ರಲ್ಲ. ಸೋಗೆದು."

"ದನ?"

ಅಪ್ಪ ನಕ್ಕ. "ಕಣ್ಣಿಗೆ ಕಾಣ್ತಾವಲ್ಲ ಸಾ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ಸುತ್ತ ನೋಡಿ, ಧ್ವನಿ ತಗ್ಗಿಸಿದರು. "ಚಿನ್ನೋಬಯ್ಯ, ಈ ಹಾಳೆಯಲ್ಲಿ ದನಕ್ಕೆ ಇಷ್ಟು ಆದಾಯ ಅಂತ ಲೆಕ್ಕ ಐತೆ. ಇಷ್ಟೂ ನಿನ್ ಹೆಸ್ರಿಗೆ ಬಿದ್ರೆ ನೀನು ಸಾಹುಕಾರ ಆಗ್ತೀಯ. ಒಂದೇ ಮಾತು ಹೇಳು, 'ಇವು ನನ್ನವಲ್ಲ' ಅಂತ. ನಾನು ಬಿಟ್ಟುಬಿಡ್ತೀನಿ."

ಅಪ್ಪ ಕರುವಿನ ಕಿವಿ ಬಿಡಲಿಲ್ಲ.

"ಹೇಳಪ್ಪಾ," ಅಂದಿದ್ದಳು ಕಾಟಮ್ಮ. ಏಳನೇ ಕ್ಲಾಸು ಓದಿದವಳಿಗೆ ಹಾಳೆಯ ಮೇಲಿನ ಆ ಚೌಕಗಳ ಅರ್ಥ ಆಗುತ್ತಿತ್ತು. "ಹೇಳಿದ್ರೆ ಏನು ಹೋಗ್ತೈತೆ ನಿಂದು?"

"ಕೋಲು ಹಿಡಿಯೋ ದಿನ ಇವುಗಳ ಮುಂದೆ ನಿಂತ್ಕಂಡು ಮೂರು ಸಲ ಹೇಳೀನಿ, 'ನೀವು ನನ್ನವು' ಅಂತ. ಆಣೆ ಅದು. ಅವತ್ತು ಕೇಳಿಸ್ಕಂಡ ಕಿವಿ ಇನ್ನಾ ಇಲ್ಲೇ ಅದಾವೆ." ಮೂಲೆಯಲ್ಲಿ ಮೆಲುಕು ಹಾಕುತ್ತಾ ಮಲಗಿದ್ದ ಮುದಿ ಎತ್ತಿನ ಕಡೆ ಗದ್ದ ಎತ್ತಿದ. ಅದರ ಅಪ್ಪನನ್ನೂ ಅಜ್ಜನನ್ನೂ ಅವನೇ ಹೂಳಿದ್ದ. ಅಷ್ಟೂ ಅವನ ಮಟ್ಟಿಗೆ ಒಂದೇ ಎತ್ತು. "ಇವತ್ತು ನನ್ನವಲ್ಲ ಅಂದ್ರೆ ನಾಳೆ ಯಾರ ಹಿಂದೆ ಬರ್ತಾವು ಸಾ ಇವು?"

"ಹಂಗಾರೆ ಇಲ್ಲಿಂದ ನಾಕು ಹೆಜ್ಜೆ ಆಚೆ ಬಂದು ಹೇಳು. ಕೇಳಿಸಲ್ಲ."

"ಕೇಳಿಸ್ತೈತೆ," ಅಂದ ಅಪ್ಪ.

ಮೇಷ್ಟ್ರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಚೌಕದೊಳಗೆ ಅರವತ್ತಮೂರು ಅಂತ ಬರೆದರು. ಅದರ ಪಕ್ಕ, ಗೆರೆಯ ಆಚೆ, ಸಣ್ಣ ಅಕ್ಷರದಲ್ಲಿ 'ದೇವರ ದನ' ಅಂತಲೂ ಬರೆದರು.

ಪಂಚಾಯ್ತಿ ಗೋಡೆಗೆ ಪಟ್ಟಿ ಅಂಟಿಸಿದ ದಿನ ಕಾಟಮ್ಮ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಗುಡಿಕಟ್ಟಿನ ಮೂವತ್ತೊಂಬತ್ತು ಮನೆ ಬಡವರ ಪಟ್ಟಿಯಲ್ಲಿದ್ದವು. ಹೆಂಚಿನ ಮನೆಯ, ಟೀವಿ ಕಂಬ ನೆಟ್ಟಿದ್ದ ದೊಡ್ಡಪಾಲಯ್ಯನೂ ಇದ್ದ. ಚಿನ್ನೋಬಯ್ಯ ಇರಲಿಲ್ಲ.

* * *

ಹೆಣಕ್ಕೆ ಹೊಸ ಪಂಚೆ ಉಡಿಸಿ ಚಪ್ಪರದ ಕೆಳಗೆ ಬಲಗಾಲು ಮಡಿಸಿ ಕೂರಿಸಿ, ಎದೆಗೆ ಅಡ್ಡಲಾಗಿ ಕಿಲಾರಿ ಕೋಲು ಇಟ್ಟರು. ಕಾಟಮ್ಮನ ಗಂಡ ಇಬ್ಬರನ್ನು ಕರೆದುಕೊಂಡು ಗುಂಡಿ ತೋಡಲು ಹೋಗಿದ್ದ. ಹೊತ್ತು ಮಾರುದ್ದ ಏರಿತ್ತು. ರೊಪ್ಪದಲ್ಲಿ ದನಗಳು ನಿನ್ನೆಯಿಂದ ನೀರಿಲ್ಲದೆ ಅಂಬಾ ಅನ್ನುತ್ತಿದ್ದವು. ಬೇಲಿ ತೆಗೆಯುವ ಹಕ್ಕು ಕಿಲಾರಿಯದು. ಹಳೆಯ ಕಿಲಾರಿಯ ಎದೆಯಿಂದ ಹೊಸಬನೊಬ್ಬ ಕೋಲು ಎತ್ತಿಕೊಳ್ಳುವ ತನಕ ಹೆಣ ಏಳುವಂತಿಲ್ಲ ಅನ್ನುವುದು ಹಟ್ಟಿಯ ಕಟ್ಟಳೆ.

ಗುಡಿಕಟ್ಟಿನ ಹಿರಿಯ ದೊಡ್ಡಪಾಲಯ್ಯ ಎದ್ದು ನಿಂತು ಕೂಗಿದ. "ಯಾರಪ್ಪಾ, ಕೋಲು ಹಿಡಿಯೋರು ಯಾರು?"

ಗಂಡಸರೆಲ್ಲ ಜಾಲಿಮರದ ನೆರಳಲ್ಲಿ ಕೂತಿದ್ದರು. ಒಬ್ಬ ಬೀಡಿ ಹುಡುಕಿದ. ಇನ್ನೊಬ್ಬ ಹುಲ್ಲು ಕಿತ್ತು ಹಲ್ಲಿಗೆ ಚುಚ್ಚಿಕೊಂಡ.

"ಏನ್ರಲೇ, ಎಲ್ಲಾರಿಗೂ ಕಿವಿ ಮುಚ್ಚೈತಾ?"

"ನಿನ್ ಕಿರೀ ಮಗ ಸುಮ್ನೆ ಅಡ್ಡಾಡ್ತಾನಲ್ಲ ಮಾವ, ಅವನ್ನೇ ಕಳ್ಸು," ಅಂತ ಹಿಂದಿನಿಂದ ಯಾರೋ ಅಂದರು. ಸಾವಿನ ಮನೆ ಅನ್ನುವುದನ್ನೂ ಮರೆತು ಇಬ್ಬರು ನಕ್ಕರು.

"ಅವನಿಗೆ ಸೊಂಟ ನೋವು," ಅಂದ ದೊಡ್ಡಪಾಲಯ್ಯ.

"ಸೊಂಟ ಅಲ್ಲ ಮಾವ, ಕಾರ್ಡು," ಅಂದಳು ಕಾಟಮ್ಮ ಚಪ್ಪರದ ಕೆಳಗಿನಿಂದಲೇ. "ಕೋಲು ಹಿಡಿದ್ರೆ ಹಸಿರು ಕಾರ್ಡು ಹೋಗ್ತೈತೆ. ಅದು ನಿಮಗೆಲ್ಲ ಗೊತ್ತಾಗೈತೆ. ನಮ್ಮಪ್ಪನ್ನ ನೋಡಿ ಕಲ್ತೀರಿ."

"ಹೆಣದ ಮುಂದೆ ಇಂಥ ಮಾತ್ಯಾಕೆ ತಾಯಿ?"

"ಇನ್ನೆಲ್ಲಿ ಆಡ್ಲಿ? ಬದುಕಿದ್ದಾಗ ನಿಮ್ಮ ಜಗಲಿಗೆ ಬಂದು ಆಡ್ದೆ. ಮೂರು ಸಲ."

ಅದು ನಿಜ. ಪಟ್ಟಿಗೆ ಆಕ್ಷೇಪಣೆ ಕೊಡಲು ಮೊಳಕಾಲ್ಮೂರಿನ ಕಚೇರಿಗೆ ಅವಳು ಹೋದಾಗ ಗುಮಾಸ್ತ, "ಅರವತ್ತ್ಮೂರು ದನ ಇರೋನು ಬಡವನಾ? ನಂಗೂ ಒಂದು ಹಸು ಕೊಡಿಸಮ್ಮ," ಅಂತ ನಕ್ಕಿದ್ದ. ಆಮೇಲೆ ಅರ್ಜಿ ತೆಗೆದುಕೊಂಡು, ಇವು ಗುಡಿಕಟ್ಟಿನ ದನ, ಯಾವ ಮನೆಯವೂ ಅಲ್ಲ ಅಂತ ಐದು ಜನ ಹಿರಿಯರು ಸಹಿ ಹಾಕಿದ ಮಹಜರು ತರಲು ಹೇಳಿದ್ದ. ಕಾಟಮ್ಮ ಕಾಗದ ಹಿಡಿದು ದೊಡ್ಡಪಾಲಯ್ಯನ ಜಗಲಿ ಹತ್ತಿದ್ದಳು. "ಗುಡಿಕಟ್ಟಿಂದು ಅಂದ್ರೆ ನಲವತ್ತು ಮನೇದು ಅಂತ ಆಗ್ತೈತೆ," ಅಂದಿದ್ದ ಅವನು. "ನಾಳೆ ಹಂಚಿ ಎಲ್ಲಾರ ಹಾಳೆಗೂ ಬರ್ಕಂಡ್ರೆ? ಒಬ್ಬನಿಗೋಸ್ಕರ ನಲವತ್ತು ಮನೆ ಅನ್ನ ಕಳ್ಕಂಬೇಕಾ? ನಿಮ್ಮಪ್ಪಂಗೆ ದೇವರು ಕೊಡ್ತಾನೆ ಬಿಡು." ಎರಡನೇ ಸಲ ಹೋದಾಗ ಮನೆಯಲ್ಲಿಲ್ಲ ಅನ್ನಿಸಿದ. ಮೂರನೇ ಸಲ ಮಜ್ಜಿಗೆ ಕೊಟ್ಟು ಕಳಿಸಿದ.

ಈಗ ಗುಡ್ಡದ ತಿರುವಿನಲ್ಲಿ ಧೂಳೆದ್ದಿತು. ಚಳ್ಳಕೆರೆಯ ನೆಂಟರು ಬಂದರು ಅಂತ ಹೆಂಗಸರು ಅಳುವ ಧ್ವನಿ ಏರಿಸಿದರು. ಹತ್ತಿರ ಬಂದಾಗ ನೋಡಿದರೆ ಸರ್ಕಾರದ ಜೀಪು.

ಮೊದಲು ಇಳಿದವರು ಮಹಾಂತೇಶ ಮೇಷ್ಟ್ರು. ಚಪ್ಪರ ನೋಡಿ ನಿಂತಲ್ಲೇ ನಿಂತರು, ಚಪ್ಪಲಿ ಬಿಟ್ಟರು. ಅವರ ಹಿಂದೆ ಸಮೀಕ್ಷೆಯ ಮೇಲಧಿಕಾರಿ ಗೋವರ್ಧನ ಇಳಿದ. ಕೈಯಲ್ಲಿ ಹಾಳೆ ಸಿಕ್ಕಿಸಿದ ಪ್ಯಾಡು.

"ಆಕ್ಷೇಪಣೆ ಹದಿನೇಳು. ಕುಟುಂಬದ ಯಜಮಾನ ಚಿನ್ನೋಬಯ್ಯ," ಅಂತ ಓದಿ ತಲೆ ಎತ್ತಿದ. "ಯಾರು?"

ಲಕ್ಷ್ಮಕ್ಕ ಬೆರಳು ತೋರಿಸಿದಳು. "ಅಗೋ, ಅಲ್ಲಿ ಕುಂತವ್ನೆ. ಕೇಳ್ಕ ಹೋಗಪ್ಪ."

ಗೋವರ್ಧನನ ಮುಖ ಸಪ್ಪಗಾಯಿತು. ಕೆಟ್ಟ ಮನುಷ್ಯನಲ್ಲ. ಆದರೆ ಅವನ ಪ್ಯಾಡಿನಲ್ಲಿ ಆ ದಿನ ಇನ್ನೂ ಹನ್ನೊಂದು ಹಳ್ಳಿಗಳಿದ್ದವು. "ನೋಡಮ್ಮ, ನನಗೂ ಕಷ್ಟ ಅನ್ನಿಸುತ್ತೆ. ಆದ್ರೆ ಪರಿಶೀಲನೆಗೆ ಇವತ್ತೇ ಕೊನೇ ದಿನ. ನಾಳೆ ಪಟ್ಟಿ ಜಿಲ್ಲೆಗೆ ಹೋಗುತ್ತೆ. ಇವರ ಹೆಂಡತಿ ಇದ್ದಾರಾ? ದನ ನಮ್ಮವಲ್ಲ ಅಂತ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು."

ಕಾಟಮ್ಮ ಅವ್ವನ ಕಡೆ ನೋಡಿದಳು. ನಲವತ್ತು ವರ್ಷ ಅಪ್ಪನ ಹಿಂದೆ ನೆರಳಿನ ಹಾಗಿದ್ದವಳು. ಇವಳೂ ಆಣೆ ಗೀಣೆ ಅಂದರೆ ಇಲ್ಲಿಗೆ ಮುಗಿಯಿತು ಅಂದುಕೊಂಡಳು.

ಸೂರಮ್ಮ ಎದ್ದು ಬಂದು ಹೆಬ್ಬೆರಳು ಚಾಚಿದಳು. "ಎಲ್ಲಿ ಒತ್ಲಿ?"

"ಅವ್ವಾ..."

"ಆಣೆ ಇಟ್ಟೋನು ನಿಮ್ಮಪ್ಪ. ನಾನಲ್ಲ. ರೊಪ್ಪದೊಳಗೆ ಮಲಗೋಕೆ ಹೋದೋನು ಅವ್ನು. ಮನೇಲಿ ಮಕ್ಕಳನ್ನ ಕಟ್ಕಂಡು ಒಬ್ಳೇ ಮಲಗ್ದೋಳು ನಾನು. ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ." ನೀಲಿ ಬೆರಳನ್ನು ಕಾಗದಕ್ಕೆ ಒತ್ತಿ, ಸೆರಗಿಗೆ ಒರೆಸಿಕೊಂಡು ಹೋಗಿ ಗಂಡನ ಪಕ್ಕ ಕೂತಳು.

"ಸರಿ," ಅಂದ ಗೋವರ್ಧನ. "ಇವರದ್ದಲ್ಲ ಅಂದ್ರೆ ಯಾರದ್ದು? ಹಿರಿಯರ ಮಹಜರು ಎಲ್ಲಿ?"

ಜಾಲಿಮರದ ನೆರಳಲ್ಲಿದ್ದವರು ದೊಡ್ಡಪಾಲಯ್ಯನ ಕಡೆ ತಿರುಗಿದರು.

"ದೇವರದ್ದು ಸ್ವಾಮಿ," ಅಂದ ದೊಡ್ಡಪಾಲಯ್ಯ ಕೈಮುಗಿದು.

"ದೇವರಿಗೆ ಯಾವ ಮನೆ ನಂಬರು ಬರೀಲಿ? ಐದು ಜನ ಸಹಿ ಹಾಕಿ, ಇದು ಯಾವ ಮನೆಯದ್ದೂ ಅಲ್ಲ ಅಂತ. ಇಲ್ಲಾಂದ್ರೆ ನನ್ನ ಕೈಯಲ್ಲಿ ಇರೋದು ಒಂದೇ ನಿಯಮ. ಪರಿಶೀಲನೆ ದಿನ ದನ ಯಾವ ಮನೆ ಹತ್ತಿರ ಕಣ್ಣಿಗೆ ಕಾಣುತ್ತೋ ಆ ಮನೆ ಹಾಳೆಗೆ ಬರೀಬೇಕು. ರೊಪ್ಪ ಇರೋದು ಈ ಮನೆ ಪಕ್ಕ." ಅವನು ಕೈಗಡಿಯಾರ ನೋಡಿದ. "ಯಾರು ಹಾಕ್ತೀರಿ ಸಹಿ?"

"ಗುಡಿಕಟ್ಟು ಕೂಡ್ಬೇಕು ಸ್ವಾಮಿ. ಕೂತು ಮಾತಾಡ್ಬೇಕು," ಅಂದ ದೊಡ್ಡಪಾಲಯ್ಯ. "ಇವತ್ತು ಸಾವು. ಸಾವಿನ ದಿನ ಕೂಡಂಗಿಲ್ಲ."

ಮಹಾಂತೇಶ ಮೇಷ್ಟ್ರು ಕಾಟಮ್ಮನ ಹತ್ತಿರ ಬಂದು ಮೆಲ್ಲಗೆ ಅಂದರು. "ನಾನು ಪಕ್ಕದಲ್ಲಿ ಬರ್ದಿದ್ದೆ ಕಣಮ್ಮ. 'ದೇವರ ದನ' ಅಂತ. ಕಚೇರಿಯಲ್ಲಿ ಕಂಪ್ಯೂಟರ್‌ಗೆ ಏರಿಸೋರು ಚೌಕದ ಒಳಗಿಂದು ಮಾತ್ರ ತಗಂಡ್ರಂತೆ."

"ಪಕ್ಕದಲ್ಲಿ ಬರ್ದಿದ್ದನ್ನ ಯಾರು ಓದ್ತಾರೆ ಸಾ?" ಅಂದಳು ಅವಳು. "ನೀವು ಒಳ್ಳೇರು. ಒಳ್ಳೇರು ಪಕ್ಕದಲ್ಲೇ ಬರೀತೀರಿ."

ಮೇಷ್ಟ್ರು ಏಟು ತಿಂದವರ ಹಾಗೆ ಹಿಂದೆ ಸರಿದರು. ಅಂದದ್ದು ಹೆಚ್ಚಾಯಿತೇನೋ ಅಂತ ಕಾಟಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಗೋವರ್ಧನ ಹೇಳಿದ ಮಾತು ಅವಳ ತಲೆಯೊಳಗೆ ತಿರುಗತೊಡಗಿತ್ತು. ಕಣ್ಣಿಗೆ ಕಾಣುವ ಮನೆ. ಕಣ್ಣಿಗೆ ಕಾಣುವ ಮನೆಯ ಹಾಳೆಗೆ.

* * *

ಅವಳು ಎಂಟು ವರ್ಷದವಳಿದ್ದಾಗಿನ ಒಂದು ದೀಪಾವಳಿ. ವರ್ಷಕ್ಕೆ ಅದೊಂದು ದಿನ ದೇವರ ದನಗಳು ಹಟ್ಟಿಯೊಳಗೆ ಬರುತ್ತಿದ್ದವು. ಅಪ್ಪ ಮುಂದೆ, ದನ ಹಿಂದೆ. ಅಪ್ಪ ದನಗಳನ್ನು ಹೊಡೆಯುತ್ತಿರಲಿಲ್ಲ, ಕರೆಯುತ್ತಿದ್ದ. ಹಿರಿಯರನ್ನು ಕರೆಯುವ ಹಾಗೆ. "ಹೂಓಯ್... ಬರ್ರಪ್ಪಾ... ಬರ್ರವ್ವಾ..." ಹರಕೆಗೆ ಬಿಟ್ಟ ಮನೆ ಯಾವುದೋ ಆ ಬಾಗಿಲಿಗೆ ಹೋಗಿ ಒಂದೊಂದು ದನ ತಾನಾಗಿ ನಿಲ್ಲುತ್ತಿತ್ತು. ಆ ಮನೆಯ ಹೆಂಗಸು ತಂಬಿಗೆಯಲ್ಲಿ ನೀರು, ಪಾತ್ರೆಯಲ್ಲಿ ಅಂಬಲಿ ತಂದು ಇಡುತ್ತಿದ್ದಳು.

ದೊಡ್ಡಪಾಲಯ್ಯನ ಮನೆ ಮುಂದೆ ಒಂದು ಎತ್ತು ಸೋರೆಬಳ್ಳಿಗೇ ಬಾಯಿ ಹಾಕಿತು. ಕಾಟಮ್ಮ ಕಡ್ಡಿ ಎತ್ತಿಕೊಂಡು ಹೋದಾಗ ಅಪ್ಪ ಅವಳ ಕೈ ಹಿಡಿದ.

"ಬಾಗಿಲಿಗೆ ಬಂದ ದೇವರ ದನನ ಯಾರೂ ಅಟ್ಟಂಗಿಲ್ಲ. ಮನೆಯೋರೂ ಅಟ್ಟಂಗಿಲ್ಲ. ಕಿಲಾರಿ ಕರೆಯೋ ಗಂಟ, ಇಲ್ಲಾ ಅದಾಗೇ ಹೋಗೋ ಗಂಟ, ಎಲ್ಲಾರೂ ನಿಂತು ಕಾಯ್ಬೇಕು."

"ಅದು ಹೋಗ್ದೇ ಇದ್ರೆ?"

"ಇರ್ತೈತೆ."

ಸೋರೆಬಳ್ಳಿ ಪೂರ್ತಿ ಮುಗಿಯುವ ತನಕ ದೊಡ್ಡಪಾಲಯ್ಯ ಕೈಕಟ್ಟಿ ನಿಂತಿದ್ದ. ಅಪ್ಪ ಅವನ ಕಡೆ ನೋಡದೆ, ಮೀಸೆಯಡಿಯಲ್ಲೇ ನಕ್ಕಿದ್ದ. ಹಟ್ಟಿಯವರ ಮುಂದೆ ಅಪ್ಪ ತಲೆ ಎತ್ತಿ ನಿಂತದ್ದನ್ನು ಕಾಟಮ್ಮ ನೋಡಿದ್ದು ಆ ಒಂದು ದಿನ.

* * *

ಕಾಟಮ್ಮ ಹವಾಯಿ ಚಪ್ಪಲಿ ಬಿಟ್ಟಳು. ರೊಪ್ಪದ ಕಡೆ ನಡೆದಳು.

"ಏಯ್, ಎಲ್ಲಿಗೆ? ಹೆಣ್ಮಕ್ಕಳು ರೊಪ್ಪ ಮುಟ್ಟಂಗಿಲ್ಲ!" ದೊಡ್ಡಪಾಲಯ್ಯ ಎದ್ದ.

"ಕೋಲು ಮುಟ್ಟಿಲ್ಲ ಮಾವ. ಅದು ನಿಮ್ಮದು, ಅಲ್ಲೇ ಐತೆ, ತಗಳ್ಳಿ." ಅವಳು ರೊಪ್ಪದ ಬಾಯಿಗೆ ಅಡ್ಡವಿಟ್ಟಿದ್ದ ಮುಳ್ಳಿನ ಪೊದೆಗೆ ಬರಿಗೈ ಹಾಕಿ ಎಳೆದಳು. ಅಂಗೈ ಸೀಳಿತು. ಇನ್ನೊಂದು ಸಲ ಎಳೆದಳು. "ನಿನ್ನೆಯಿಂದ ಗಂಟಲು ಒಣಗ್ಸಿಕಂಡು ನಿಂತಾವೆ. ಅದು ಯಾರಿಗೂ ಕೇಳಿಸ್ಲಿಲ್ಲ. ನಾನು ಮುಟ್ಟಿದ್ದು ಮಾತ್ರ ಕಾಣ್ತೈತೆ."

ಪೊದೆ ಕಳಚಿ ಬಂತು. ಅವಳು ಹಟ್ಟಿಯ ಕಡೆ ಮುಖ ಮಾಡಿ ನಿಂತು ಉಸಿರು ತುಂಬಿಕೊಂಡಳು. ಧ್ವನಿ ಬರುತ್ತದೋ ಇಲ್ಲವೋ, ದನಗಳು ಹೆಣ್ಣುಧ್ವನಿಗೆ ಓಗೊಡುತ್ತವೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

"ಹೂಓಯ್... ಬರ್ರಪ್ಪಾ... ಬರ್ರವ್ವಾ..."

ಚಪ್ಪರದ ಕೆಳಗೆ ಸೂರಮ್ಮ ಬೆಚ್ಚಿ ಗಂಡನ ಮುಖ ನೋಡಿದಳು.

ರೊಪ್ಪದೊಳಗೆ ಅಂಬಾ ನಿಂತಿತು. ಮೊದಲು ಒಂದು ಕಂದು ಹಸು ಬಂತು. ಅದರ ಹಿಂದೆ ಎರಡು, ಆಮೇಲೆ ಹೊಳೆ ಬಿಟ್ಟ ಹಾಗೆ. ಕಾಟಮ್ಮ ಮುಂದೆ, ದನ ಹಿಂದೆ. ಕೂಗಿ ಕೂಗಿ ಅವಳ ಗಂಟಲು ಒಡೆಯಿತು. ಅಳುತ್ತಿದ್ದಾಳೋ ಬೈಯುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಅಂಗೈಯ ರಕ್ತ ಸೀರೆಗೆ ಇಳಿಯುತ್ತಿತ್ತು. ಹಟ್ಟಿಯ ಮೊದಲ ಮನೆ ಬಂದದ್ದೇ ಒಂದು ಎತ್ತು ಸಾಲಿನಿಂದ ಹೊರಬಂದು ಬಾಗಿಲಲ್ಲಿ ನಿಂತಿತು. ಎರಡನೇ ಮನೆಗೆ ಎರಡು. ಮೂರನೆಯದಕ್ಕೆ ಒಂದು ಹಸು, ಅದರ ಕರು. ಹೆಂಗಸರು ಗಾಬರಿಯಿಂದ ಬಿಂದಿಗೆ ಹಿಡಿದು ಹೊರಗೆ ಬಂದರು. ದೇವರ ದನ ಬಾಗಿಲಿಗೆ ಬಂದ ಮೇಲೆ ನೀರು ಇಡದೆ ಇರುವಂತಿಲ್ಲ. ಹೋಗು ಅನ್ನುವಂತೆಯೂ ಇಲ್ಲ.

ದೊಡ್ಡಪಾಲಯ್ಯನ ಹೆಂಚಿನ ಮನೆಗೆ ನಾಲ್ಕು ಹೋದವು. ಒಂದು ಜಗಲಿಯನ್ನೇ ಹತ್ತಿ ಟೀವಿ ಕಂಬಕ್ಕೆ ಕುತ್ತಿಗೆ ಉಜ್ಜಿತು.

ಜೀಪಿನವರು ಹಿಂದೆಯೇ ಬಂದಿದ್ದರು. ಗಂಡಸರೆಲ್ಲ ಅವರ ಹಿಂದೆ. ಕಾಟಮ್ಮ ತಿರುಗಿ ನಿಂತಳು.

"ಬರ್ಕಳಿ ಸಾ. ಮನೆ ಯಜಮಾನ ದೊಡ್ಡಪಾಲಯ್ಯ. ದನ ನಾಲ್ಕು."

"ಏನಮ್ಮ ಇದು, ಆಟವಾ?" ಅಂದ ಗೋವರ್ಧನ.

"ಇವತ್ತು ಪರಿಶೀಲನೆ ದಿನ ಹೌದೋ ಅಲ್ವೋ? ಕಣ್ಣಿಗೆ ಕಂಡ ಮನೆ ಹಾಳೆಗೆ ಅಂದ್ರಿ. ಕಾಣ್ತಿಲ್ವಾ?"

ಗೋವರ್ಧನ ಪ್ಯಾಡಿನ ಹಾಳೆ ತಿರುವಿದ. ಆಗ ಮಹಾಂತೇಶ ಮೇಷ್ಟ್ರು ಯಾರನ್ನೂ ಕೇಳದೆ ತಮ್ಮ ಚೀಲದಿಂದ ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಗಟ್ಟಿಯಾಗಿ ಹೇಳುತ್ತಾ ಬರೆದರು. "ದೊಡ್ಡಪಾಲಯ್ಯ. ದನ, ನಾಲ್ಕು." ಚೌಕದ ಒಳಗೇ ಬರೆದರು. "ಮುಂದಿನ ಮನೆ?"

"ಮೇಷ್ಟ್ರೆ! ನಿಲ್ಸಿ ಮೇಷ್ಟ್ರೆ!" ದೊಡ್ಡಪಾಲಯ್ಯ ಓಡಿ ಬಂದು ಹಾಳೆಯ ಮೇಲೆ ಕೈ ಇಟ್ಟ. "ಇವು ನಮ್ಮವಲ್ಲ! ದೇವರ ದನ ಇವು, ಯಾರ ಮನೇವೂ ಅಲ್ಲ! ಎಲ್ಲಾರೂ ಹೇಳ್ರಲೇ, ಬಾಯಿಲ್ವಾ ನಿಮಗೆ?"

"ಹೌದು ಸಾ, ದೇವರವು!" "ಯಾರವೂ ಅಲ್ಲ ಸಾ!" ಬಾಗಿಲು ಬಾಗಿಲಿನಿಂದ ಧ್ವನಿಗಳು ಬಂದವು.

"ಕೂಗಿದ್ರೆ ಆಗಲ್ಲ," ಅಂದ ಗೋವರ್ಧನ. "ಸಹಿ."

ಜೀಪಿನ ಬಾನೆಟ್ಟಿನ ಮೇಲೆ ಮಹಜರು ಬರೆದದ್ದು ಕಾಲು ಗಂಟೆಯಲ್ಲಿ. ಐದು ಜನರ ಸಹಿ ಸಾಕಿತ್ತು; ಇಪ್ಪತ್ತಾರು ಜನ ಹಾಕಿದರು. ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ, ಇಂಕಿನ ಪ್ಯಾಡು ಕಿತ್ತುಕೊಂಡು ಹೆಬ್ಬೆಟ್ಟು ಒತ್ತಿದರು. ಮೇಷ್ಟ್ರು ತಮ್ಮ ಹೊಸ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು.

ಕಾಟಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಸಾವಿನ ದಿನ ಗುಡಿಕಟ್ಟು ಕೂಡುವಂತಿಲ್ಲ ಅಂದಿದ್ದರಲ್ಲ. ಕೂತು ಮಾತಾಡಬೇಕು ಅಂದಿದ್ದರಲ್ಲ. ಯಾರೂ ಕೂರಲೂ ಇಲ್ಲ, ನಿಂತೇ ಮುಗಿಸಿದರು. ಕಾಲು ಗಂಟೆ. ಎರಡು ವರ್ಷದ ಹಿಂದೆಯೂ ಅದು ಕಾಲು ಗಂಟೆಯ ಕೆಲಸವೇ ಆಗಿತ್ತು. ಆಸ್ಪತ್ರೆಯ ಕಿಟಕಿಯ ಮುಂದೆ ಅಪ್ಪ ಒಂಟಿಕಾಲಲ್ಲಿ ನಿಂತಿದ್ದು ಅದಕ್ಕಿಂತ ಹೆಚ್ಚು ಹೊತ್ತು.

"ಸೇರುತ್ತಮ್ಮ, ನಿಮ್ಮ ತಾಯಿ ಹೆಸರು ಪಟ್ಟಿಗೆ ಸೇರುತ್ತೆ," ಅಂದ ಗೋವರ್ಧನ ಮಹಜರು ಮಡಿಸುತ್ತಾ. "ಕಾರ್ಡು ಬರೋಕೆ ಮೂರು ತಿಂಗಳು."

ಅವಳು ಬೀದಿಯ ಕೊನೆಗೆ ಹೋಗಿ ಒಡೆದ ಗಂಟಲಲ್ಲಿ ಮತ್ತೊಮ್ಮೆ ಕರೆದಳು. ನೀರು ಕುಡಿದ ದನಗಳು ಬಾಗಿಲು ಬಿಟ್ಟು ಹಿಂದೆ ಬಂದವು.

ಚಪ್ಪರದ ಹತ್ತಿರ ಬಂದಾಗ ಕೋಲು ಹಿಡಿಯಲು ಮೂರು ಜನ ಮುಂದೆ ನಿಂತಿದ್ದರು. ದೊಡ್ಡಪಾಲಯ್ಯನ ಕಿರಿಯ ಮಗನೂ ಇದ್ದ, ಸೊಂಟ ನೆಟ್ಟಗಿತ್ತು. ಕೋಲು ಹಿಡಿದರೆ ಇನ್ನು ಹಾಳೆಯಲ್ಲಿ ಏನೂ ಬೀಳುವುದಿಲ್ಲ.

"ಈಗ ನೆಟ್ಟಗಾತೇನಪ್ಪಾ?" ಅಂದಳು ಲಕ್ಷ್ಮಕ್ಕ.

ಮಹಾಂತೇಶ ಮೇಷ್ಟ್ರು ಮನೆಯ ಹೊಸ್ತಿಲಲ್ಲಿ ಕೂತು, ಹಳೆಯ ಹಾಳೆಯ ಮೇಲೆ ಚಿನ್ನೋಬಯ್ಯನ ಹೆಸರು ಹೊಡೆದು ಸೂರಮ್ಮ ಅಂತ ಬರೆದರು. ದನದ ಚೌಕದಲ್ಲಿದ್ದ ಅರವತ್ತಮೂರಕ್ಕೆ ಗೆರೆ ಎಳೆದು ಸೊನ್ನೆ ಬರೆದರು. ಬರೆದದ್ದನ್ನು ಕಾಟಮ್ಮನಿಗೆ ತೋರಿಸಿದರು. ಅವಳು ಓದಿದಳು. ಸೊನ್ನೆ ದುಂಡಗೆ, ಚೌಕದ ಒಳಗೇ ಇತ್ತು.

ಕಿರಿಯ ಮಗ ಕೋಲು ಎತ್ತಲು ಕೈ ಚಾಚಿ ಅಲ್ಲೇ ನಿಂತ.

ಮುದಿ ಎತ್ತು ಹಟ್ಟಿಗೆ ಹೋಗಿರಲೇ ಇಲ್ಲ. ಎಲ್ಲರೂ ಆ ಕಡೆ ಓಡಿದ ಮೇಲೆ, ಹಾರುಹೊಡೆದಿದ್ದ ರೊಪ್ಪದ ಬಾಯಿಂದ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಚಪ್ಪರದೊಳಗೆ ಬಂದು ನಿಂತಿತ್ತು. ಅದಕ್ಕೂ ಬಾಯಾರಿತ್ತು, ಲಕ್ಷ್ಮಕ್ಕ ಇಟ್ಟ ನೀರು ಪಕ್ಕದಲ್ಲೇ ಇತ್ತು, ಮೂಸಿಯೂ ನೋಡಿರಲಿಲ್ಲ. ತಲೆ ತಗ್ಗಿಸಿ ಚಿನ್ನೋಬಯ್ಯನ ಬಲ ಅಂಗಾಲನ್ನು, ಮುಳ್ಳು ಕಿತ್ತ ತೂತುಗಳನ್ನು, ಒರಟು ನಾಲಿಗೆಯಿಂದ ನೆಕ್ಕುತ್ತಿತ್ತು. ಒಂದು ಸಲ ನೆಕ್ಕುವುದು, ನಿಲ್ಲುವುದು, ಮತ್ತೆ ನೆಕ್ಕುವುದು. ಅದರ ಕೊಂಬು ಎದೆಯ ಮೇಲಿನ ಕೋಲಿಗೆ ಅಡ್ಡವಾಗಿತ್ತು.

ಗುಂಡಿ ತೋಡಿದವರು ಗುದ್ದಲಿ ಹಿಡಿದು ಬಂದರು. ಬಂದವರು ಅಲ್ಲೇ ನಿಂತರು. ದೊಡ್ಡಪಾಲಯ್ಯ ಟವಲಿನಿಂದ ಕುತ್ತಿಗೆ ಒರೆಸಿಕೊಂಡ. ಜಾಲಿಮರದ ನೆರಳು ಆಗಲೇ ಬುಡಕ್ಕೆ ಬಂದಿತ್ತು. ನಲವತ್ತು ಮನೆಯ ಗಂಡಸರು, ಬಹಳ ಜನರ ಹೆಬ್ಬೆರಳು ನೀಲಿ, ಬಿಸಿಲಲ್ಲಿ ಕೈಕಟ್ಟಿ ನಿಂತು ಕಾದರು.

ಕಾಟಮ್ಮ ಅಪ್ಪನ ಪಕ್ಕ ಕೂತಳು. ಅವಳು ಎತ್ತನ್ನು ಕರೆಯಲಿಲ್ಲ.